ಹಗುರದ್ದು ಮೇಲೆ, ಭಾರದ್ದು ಕೆಳಗೆ

ಏನ್ರೀ, ಬೆಳಗ್ಗೆಯಿಂದ ಅಳತೆ ಟೇಪು ಹಿಡ್ಕೊಂಡು ಕಾರಿಗೆ ಪ್ರದಕ್ಷಿಣೆ ಹಾಕ್ತಾ ಇದೀರಿ? ಮೇಲೆ ಕ್ಯಾರಿಯರ್ ಕೂರಿಸೋ ಯೋಚನೆಯಾ? ಇರಿ, ಈ ದಾಸವಾಳಕ್ಕೆ ಒಂದು ಚೊಂಬು ನೀರು ಹಾಕಿ ಬಂದೆ. ಇದು ಬೇಲಿ ಈಚೆಯಿಂದ ಹೂಂ, ಉಹೂಂ ಅಂದು ಒಳಗೆ ಹೋಗೋ ವಿಷಯ ಅಲ್ಲ. ಮೂರು ವರ್ಷದಿಂದ ಕಾರಿನ ನೆತ್ತಿ ಮೇಲೆ ಪೆಟ್ಟಿಗೆ ಇಟ್ಕೊಂಡು ಓಡಾಡಿದೀನಿ. ತಪ್ಪು ಮಾಡಿದೀನಿ, ತಿದ್ಕೊಂಡಿದೀನಿ. ನಿಮಗೆ ಹೇಳದೆ ಇನ್ಯಾರಿಗೆ ಹೇಳ್ಲಿ?

ದಸರಾ ರಜಕ್ಕೆ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ನಿಮ್ಮ ಮನೆಯವರು ಮೊನ್ನೆ ನಮ್ಮವಳ ಹತ್ರ ಹೇಳ್ತಿದ್ರು. ನೀವಿಬ್ಬರು, ಮಕ್ಕಳಿಬ್ಬರು, ನಿಮ್ಮ ತಾಯಿ, ಗುಬ್ಬಿಯಿಂದ ನಿಮ್ಮ ತಂಗಿ, ಅವರ ಮಗು. ಏಳು ಜನ. ಕಾರೂ ಏಳು ಸೀಟಿಂದು. ಸರಿ, ಏಳು ಜನ ಕೂತ ಮೇಲೆ ಡಿಕ್ಕಿ ಎಲ್ಲಿ ಉಳೀತು ಹೇಳಿ. ಏಳು ಸೀಟಿನ ಕಾರು ಕೊಳ್ಳೋವಾಗ ನಾವ್ಯಾರೂ ಕೇಳದ ಪ್ರಶ್ನೆ ಇದು. ರೆನೋ ಟ್ರೈಬರ್‌ನಲ್ಲಿ ಮೂರೂ ಸಾಲು ಸೀಟು ಎತ್ತಿಟ್ಟರೆ ಹಿಂದೆ ಉಳಿಯೋ ಜಾಗ 84 ಲೀಟರ್. ಅಂದ್ರೆ ಕುಡಿಯೋ ನೀರಿನ ನಾಲ್ಕು ಕ್ಯಾನು ಇಡೋವಷ್ಟು. ಎರ್ಟಿಗಾದಲ್ಲಿ 209 ಲೀಟರ್, ಹತ್ತು ಕ್ಯಾನು ಅನ್ನಿ. ಅದರಲ್ಲೂ ಸಿಎನ್‌ಜಿ ಗಾಡಿ ಆದ್ರೆ ಆ ಜಾಗಾನೂ ಸಿಲಿಂಡರ್ ಪಾಲು. ಏಳು ಜನರ ಮೂರು ದಿನದ ಬಟ್ಟೆ, ಮಗುವಿನ ಸಾಮಾನು, ಹೊದಿಕೆ, ಬುತ್ತಿ, ಇವೆಲ್ಲಾ ಎಲ್ಲಿಗೆ ಹೋಗುತ್ತೆ ಗೊತ್ತಾ? ಕೂತೋರ ತೊಡೆ ಮೇಲಕ್ಕೆ, ಕಾಲ ಕೆಳಕ್ಕೆ.

ನಮ್ಮ ಅಮ್ಮನಿಗೆ ಆಗಿದ್ದು ಅದೇ. ನಾಲ್ಕು ವರ್ಷದ ಹಿಂದೆ ಹೀಗೇ ಹೊರಟ್ವಿ. ಅವಳ ಕಾಲ ಕೆಳಗೆ ಒಂದು ಬ್ಯಾಗು, ತೊಡೆ ಮೇಲೊಂದು ಕೈಚೀಲ. ‘ನನಗೇನೂ ತೊಂದರೆ ಇಲ್ಲ ಕಣಪ್ಪ’ ಅಂತಲೇ ಕೂತಿದ್ಲು. ಯಡಿಯೂರಿನಲ್ಲಿ ಬಾಗಿಲು ತೆಗೆದರೆ ಇಳಿಯೋಕೆ ಆಗಲಿಲ್ಲ. ಮಂಡಿ ಮಡಚಿದ ಹಾಗೇ ಹಿಡ್ಕೊಂಡುಬಿಟ್ಟಿತ್ತು. ಪಾದ ಊದಿ ಚಪ್ಪಲಿ ಒಳಗೆ ಹೋಗ್ತಿರಲಿಲ್ಲ. ದೇವಸ್ಥಾನದ ಮುಂದೆ ಅರ್ಧ ಗಂಟೆ ಕಾಲು ಚಾಚಿಸಿ ಕೂರಿಸಿದೆ. ಅವತ್ತು ತೀರ್ಮಾನ ಮಾಡಿದ್ದು, ಇನ್ಮೇಲೆ ನಮ್ಮ ಕಾರಿನಲ್ಲಿ ಮನುಷ್ಯರ ಕಾಲಿನ ಜಾಗದಲ್ಲಿ ಸಾಮಾನು ಇಡೋ ಹಾಗಿಲ್ಲ ಅಂತ. ಪೆಟ್ಟಿಗೆ ಬಂದದ್ದು ಅದಕ್ಕೇ ಹೊರತು ಶೋಕಿಗಲ್ಲ.

ನೀವು ಹೇಳೋದು ನಿಜ, ಹಿಂದೆ ಅಂಬಾಸಿಡರ್ ಮೇಲೆ ಎಷ್ಟೊಂದು ಹೇರ್ತಿದ್ರು. ಮದುವೆ ದಿಬ್ಬಣಕ್ಕೆ ಗುಬ್ಬಿಯಿಂದ ಹೊರಟ ಕಾರಿನ ಮೇಲೆ ಟ್ರಂಕು, ಹೋಲ್ಡಾಲು, ಬಾಳೆಗೊನೆ, ಅದರ ಮೇಲೊಂದು ಟಾರ್ಪಾಲು, ತೆಂಗಿನ ನಾರಿನ ಹಗ್ಗ. ನನಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ಅಂಬಾಸಿಡರ್, ಪದ್ಮಿನಿ ಇವುಗಳ ಚಾವಣಿ ಅಂಚಿನಲ್ಲಿ ಮಳೆನೀರು ಹರಿಯೋಕೆ ಅಂತ ಒಂದು ದೋಣಿ ಇತ್ತು, ನೆನಪಿದೆಯಾ? ಉದ್ದಕ್ಕೂ ಹೊರಗೆ ಚಾಚಿಕೊಂಡಿದ್ದ ತಗಡಿನ ಅಂಚು. ಕ್ಯಾರಿಯರಿನ ಕಾಲು ಆ ಅಂಚನ್ನು ಕಚ್ಚಿ ಹಿಡೀತಿತ್ತು. ಅಂಬಾಸಿಡರ್ 2014ಕ್ಕೆ ನಿಂತೇ ಹೋಯ್ತು. ಈಗಿನ ಕಾರುಗಳಿಗೆ ಆ ದೋಣಿಯೇ ಇಲ್ಲ, ಚಾವಣಿ ನುಣುಪಾಗಿ ಬಾಗಿಲವರೆಗೂ ಇಳಿದುಬಿಟ್ಟಿದೆ. ಅದಕ್ಕೇ ಹಳೇ ಲೆಕ್ಕ ಇವತ್ತಿನ ಗಾಡಿಗೆ ಹೊಂದಲ್ಲ.

ಇಲ್ಲೇ ನಾನು ಮೊದಲ ತಪ್ಪು ಮಾಡಿದ್ದು. ಕಾರಿನ ಮೇಲೆ ಎರಡೂ ಕಡೆ ಬೆಳ್ಳಿ ಬಣ್ಣದ ಹಳಿ ಇತ್ತಲ್ಲ, ಅದು ಸಾಮಾನು ಹೊರೋಕೆ ಅಂತಲೇ ತಿಳ್ಕೊಂಡಿದ್ದೆ. ಒಂದು ಅಂಗಡಿಯವರು ಅದಕ್ಕೇ ಎರಡು ಅಡ್ಡಪಟ್ಟಿ ಬಿಗಿದು ಕ್ಯಾರಿಯರ್ ಕೂರಿಸಿ ಕಳಿಸಿದ್ರು. ಕುಣಿಗಲ್ ಹತ್ರ ಹೋಗೋ ಹೊತ್ತಿಗೆ ಮೇಲೆ ಟಕ್, ಟಕ್ ಅಂತ ಸದ್ದು. ಕೆರೆ ಏರಿ ಪಕ್ಕ ನಿಲ್ಲಿಸಿ ಮೇಲೆ ಕೈ ಹಾಕಿದರೆ ಹಳಿಯೇ ಅಲ್ಲಾಡ್ತಿದೆ! ಅದು ಅಂದಕ್ಕೆ ಅಂಟಿಸಿದ ಹಳಿ. ತಳದಲ್ಲಿ ಪ್ಲಾಸ್ಟಿಕ್ ಗುಂಡಿ, ಅಂಟು, ಅಷ್ಟೇ. ಇನ್ನೊಂದಿಷ್ಟು ದೂರ ಹೋಗಿದ್ರೆ ಕ್ಯಾರಿಯರ್ ಸಮೇತ ಹಿಂದೆ ಬರೋ ಬೈಕಿನವರ ಮೇಲೆ ಹಾರ್ತಿತ್ತು. ಈಗ ನೆನೆಸ್ಕೊಂಡ್ರೂ ಎದೆ ಝಲ್ ಅನ್ನುತ್ತೆ. ಎಲ್ಲಾ ಬಿಚ್ಚಿ, ಅರ್ಧ ಸಾಮಾನನ್ನು ಕುಣಿಗಲ್‌ನಲ್ಲಿ ಮಾವನವರ ಮನೇಲಿ ಇಳಿಸಿ ಹೋದ್ವಿ.

ಆದ್ದರಿಂದ ಟೇಪು ಆಮೇಲೆ, ಮೊದಲು ಕಾರಿನ ಕೈಪಿಡಿ ತೆಗೀರಿ. ಕೈಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರು ಬಿಚ್ಚದೆ ಇರುತ್ತಲ್ಲ, ಅದೇ. ಚಾವಣಿಯ ಹಳಿ ಮೇಲೆ ಎಷ್ಟು ಭಾರ ಇಡಬಹುದು ಅಂತ ಬರೆದಿದೆಯೋ ನೋಡಿ. ಬರೆದಿದ್ರೆ ಹಳಿ ಕೆಲಸದ್ದು. ಬರೆದಿಲ್ಲ ಅಂದ್ರೆ ಅಂಗಡಿಯವರು ಎಷ್ಟೇ ಆಣೆ ಮಾಡಿ ಹೇಳಿದ್ರೂ ಅದಕ್ಕೆ ಒಂದು ಕೊಡೆ ಕೂಡ ಕಟ್ಟಬೇಡಿ. ಟ್ರೈಬರ್‌ಗೆ ಕಂಪನಿಯವರೇ 50 ಕೆಜಿ ಅಂತ ಹೇಳಿದ್ದಾರೆ. ಹಳಿಯೇ ಇಲ್ಲದ ಕಾರುಗಳಿಗೆ ಬಾಗಿಲ ಚೌಕಟ್ಟನ್ನು ಕಚ್ಚಿ ಹಿಡಿಯೋ ಕಾಲುಗಳು ಬರುತ್ತೆ. ಆದ್ರೆ ಅದು ನಿಮ್ಮ ಕಾರಿನ ಮಾಡೆಲ್‌ಗೆ ಅಂತಲೇ ಮಾಡಿದ್ದಾಗಿರಬೇಕು. ಇನ್ನು ಚಾವಣಿಗೆ ತೂತು ಕೊರೆದು ಕಬ್ಬಿಣದ ಕ್ಯಾರಿಯರ್ ಬೆಸೆಯೋರೂ ಇದ್ದಾರೆ. ಬೇಡವೇ ಬೇಡ. ಮಳೆಗಾಲಕ್ಕೆ ನೀರು ಒಳಗಿಳಿಯುತ್ತೆ, ತುಕ್ಕು ಅಲ್ಲಿಂದಲೇ ಶುರು.

ಈಗ ಭಾರದ ಲೆಕ್ಕಕ್ಕೆ ಬರೋಣ. ಯಾರಿಗೂ ಅರ್ಥವಾಗದೆ ಹೋಗೋದು ಇದೇ. 50 ಕೆಜಿ ಅಂದ್ರೆ ನಿಮ್ಮ ಬ್ಯಾಗುಗಳ ಭಾರ ಅಲ್ಲ. ಅಡ್ಡಪಟ್ಟಿ, ಪೆಟ್ಟಿಗೆ, ಒಳಗಿನ ಸಾಮಾನು, ಎಲ್ಲಾ ಸೇರಿ 50. ನನ್ನ ಪೆಟ್ಟಿಗೆ ಒಂದೇ 18 ಕೆಜಿ. ಅಡ್ಡಪಟ್ಟಿ ಎರಡೂ ಸೇರಿ 6. ಉಳಿದದ್ದೆಷ್ಟು? 26. ಒಂದು ಅಕ್ಕಿ ಮೂಟೆಯ ಭಾರ! ಆದ್ರೆ ಪೆಟ್ಟಿಗೆಯ ಒಳಜಾಗ 400 ಲೀಟರ್, ಸಂಪಿನ ಪಕ್ಕ ಇಡ್ತೀವಲ್ಲ ಆ 200 ಲೀಟರಿನ ನೀಲಿ ಡ್ರಮ್ಮು, ಅಂಥವು ಎರಡು. ಜಾಗ ಎರಡು ಡ್ರಮ್ಮು, ಭಾರ ಒಂದು ಮೂಟೆ. ಹಾಗಾದ್ರೆ ಆ ಪೆಟ್ಟಿಗೆ ಯಾವುದಕ್ಕೆ? ಜಾಗ ತಿನ್ನೋ, ಭಾರ ಇಲ್ಲದ ಸಾಮಾನಿಗೆ. ರಗ್ಗು, ದಿಂಬು, ಸ್ವೆಟರ್, ಟವೆಲ್ಲು, ಬಟ್ಟೆ ಬ್ಯಾಗು, ಮಗುವಿನ ಡೈಪರ್ ಕಟ್ಟು, ಛತ್ರಿ, ಚಾಪೆ. ನೀರಿನ ಕ್ಯಾನು, ಕುಕ್ಕರು, ತೆಂಗಿನಕಾಯಿ, ಬುತ್ತಿ ಡಬ್ಬಿ, ಇವೆಲ್ಲಾ ಕೆಳಗೆ, ಕಾರಿನೊಳಗೆ, ನೆಲಕ್ಕೆ ಹತ್ತಿರ. ಪೆಟ್ಟಿಗೆ ತುಂಬೋವರೆಗೂ ತುಂಬೋದಲ್ಲ, ತೂಕ ಮುಟ್ಟೋವರೆಗೂ ತುಂಬೋದು.

ತೂಕ ಹೇಗೆ ನೋಡೋದು ಅಂತೀರಾ? ಗುಬ್ಬಿಯ ನಮ್ಮ ಹಳೇ ಮನೇಲಿ ಅಡಿಕೆ ತೂಗೋ ಒಂದು ಕೊಕ್ಕೆ ತಕ್ಕಡಿ ಇತ್ತು. ಅದನ್ನು ತಂದು ಇಲ್ಲೇ ಸೀಬೆ ಮರದ ಕೊಂಬೆಗೆ ನೇತುಹಾಕಿದೀನಿ, ನೋಡಿ. ಹೊರಡೋ ಹಿಂದಿನ ಸಂಜೆ ಮಕ್ಕಳು ಒಂದೊಂದೇ ಬ್ಯಾಗು ತಂದು ಕೊಕ್ಕೆಗೆ ಸಿಕ್ಕಿಸ್ತಾರೆ. ಮುಳ್ಳು ಅಲ್ಲಾಡಿ ಅಲ್ಲಾಡಿ ನಿಲ್ಲುತ್ತೆ. ದೊಡ್ಡವಳು ಕೂಗಿ ಹೇಳ್ತಾಳೆ, ಚಿಕ್ಕವನು ಸುಣ್ಣದ ಕಡ್ಡೀಲಿ ಬ್ಯಾಗಿನ ಮೇಲೇ ಬರೀತಾನೆ: ನಾಲ್ಕೂವರೆ, ಆರು, ಮೂರು. ಒಂದು ಸಲ ನೋಡೋಕೆ ಚಿಕ್ಕ ಬ್ಯಾಗು, ಹನ್ನೊಂದು ಕೆಜಿ ತೂಗಿತು. ಬಿಚ್ಚಿ ನೋಡಿದ್ರೆ ತಳದಲ್ಲಿ ಇಸ್ತ್ರಿಪೆಟ್ಟಿಗೆ, ಎರಡು ಉಪ್ಪಿನಕಾಯಿ ಜಾಡಿ. ಅದು ಕೆಳಗೆ ಹೋಯ್ತು. ಹತ್ತು ನಿಮಿಷದ ಕೆಲಸ. ಆದ್ರೆ ಮನೆಮಂದಿಗೆಲ್ಲಾ ಏನು ಎಲ್ಲಿದೆ ಅಂತ ಅವತ್ತೇ ಗೊತ್ತಾಗಿರುತ್ತೆ. ನಿಮಗೂ ತಕ್ಕಡಿ ಕೊಡ್ತೀನಿ, ಹೊರಡೋ ಹಿಂದಿನ ದಿನ ತಗೊಂಡು ಹೋಗಿ.

ಚೇಳೂರಿನ ಹಲಸಿನ ಕಥೆ ಹೇಳಿದ್ನಾ? ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಎಷ್ಟು ಹೆಸರು ಅಂತ ನಿಮಗೆ ಹೇಳಬೇಕಾಗಿಲ್ಲ. ಪೆಟ್ಟಿಗೆ ಹೊಸದು, ಉತ್ಸಾಹ ಜಾಸ್ತಿ. ಕುಣಿಗಲ್ ಮಾವನವರ ಮನೆಗೆ ಅಂತ ಐದು ಹಣ್ಣು ಕೊಂಡು ಮೇಲಿಟ್ಟೆ. ಒಂದೊಂದು ಹತ್ತು, ಹನ್ನೆರಡು ಕೆಜಿ. ತಿರುವಿನಲ್ಲಿ ಕಾರು ಮೊದಲಿನ ಹಾಗೆ ತಕ್ಷಣ ನೆಟ್ಟಗಾಗ್ತಿರಲಿಲ್ಲ, ಒಂದು ಗಳಿಗೆ ತಡೆದು ವಾಲ್ತಿತ್ತು. ಮುಂದೆ ಒಂದು ಹಂಪು ಕಾಣದೆ ಬ್ರೇಕ್ ಹಾಕಿದೆ. ಐದೂ ಹಣ್ಣು ಒಟ್ಟಿಗೆ ಮುಂದಕ್ಕುರುಳಿ ಪೆಟ್ಟಿಗೆಯ ಮೂತಿಗೆ ಗುದ್ದಿದವು. ಎರಡು ಒಡೆದು ರಸ ಸುರೀತು. ಪೆಟ್ಟಿಗೆಯ ಮುಂಭಾಗದಲ್ಲಿ ಒಂದು ಬಿರುಕು ಈಗಲೂ ಇದೆ, ಬನ್ನಿ ತೋರಿಸ್ತೀನಿ. ಮೇಲಿನ ಭಾರ ಎಷ್ಟೇ ಕಟ್ಟಿದ್ರೂ ಭಾರವೇ. ಕಾರಿನ ತೂಕದ ನಡುಬಿಂದು ಮೇಲಕ್ಕೆ ಹೋದಷ್ಟೂ ತಿರುವಿನಲ್ಲಿ ವಾಲಾಟ ಜಾಸ್ತಿ. ಒಳಗೆ ಕಟ್ಟೋಕೆ ಅಂತ ಪಟ್ಟಿ ಕೊಟ್ಟಿರ್ತಾರೆ, ಅದನ್ನು ಬಿಗೀದೆ ಮುಚ್ಚಳ ಹಾಕಬಾರದು. ಇದ್ದುದರಲ್ಲಿ ಭಾರದ್ದು ಎರಡು ಅಡ್ಡಪಟ್ಟಿಗಳ ಮಧ್ಯಕ್ಕೆ ಬರಬೇಕು, ಹಗುರದ್ದು ಹಿಂದೆ ಮುಂದೆ. ಹೇರುಕುದುರೆಗೆ ಎರಡು ಮಗ್ಗುಲೂ ಸಮ ಹೇರ್ತಿದ್ರಲ್ಲ, ಹಾಗೆ ಎಡ ಬಲ ಸಮ ಇರಬೇಕು.

ಗಟ್ಟಿ ಪೆಟ್ಟಿಗೆಯೋ, ಬಟ್ಟೆ ಚೀಲವೋ ಅಂತ ಕೇಳಿದ್ರಿ. ಕ್ಯಾನ್ವಾಸಿನ ದೊಡ್ಡ ಚೀಲಗಳು ಬರುತ್ತೆ, ಬೆಲೆ ಕಡಿಮೆ, ಮಡಚಿ ಅಟ್ಟದ ಮೇಲೆ ಎಸೆಯಬಹುದು, ತಾನೂ ಹಗುರ. ವರ್ಷಕ್ಕೆ ಒಂದು ಸಲ ಹೋಗೋರಿಗೆ ಅದೇ ಸಾಕು ಅಂತ ಹೇಳ್ತಿದ್ದೆ, ದೇವರಾಯನದುರ್ಗದ ಕೋತಿಗಳು ಇಲ್ದೇ ಇದ್ದಿದ್ರೆ. ನಮ್ಮ ಭಾವ ಬೆಟ್ಟದ ಮೇಲೆ ದರ್ಶನ ಮುಗಿಸಿ ಬರೋ ಅಷ್ಟರಲ್ಲಿ ಚೀಲದ ಜಿಪ್ಪು ಕಿತ್ತು ಚಕ್ಕುಲಿ ಡಬ್ಬ ಹೊರಗೆಳೆದಿದ್ವು. ಮಕ್ಕಳ ಬಟ್ಟೆ ಮರದ ಮೇಲೆ. ನಮ್ಮ ಕಡೆ ಯಾವ ಬೆಟ್ಟಕ್ಕೆ, ಯಾವ ಕ್ಷೇತ್ರಕ್ಕೆ ಹೋದ್ರೂ ಕೋತಿ ಇದ್ದೇ ಇರುತ್ತೆ. ಹಾಗಾಗಿ ಬೀಗ ಇರೋ ಗಟ್ಟಿ ಪೆಟ್ಟಿಗೆಯೇ ನನ್ನ ಮತ.

ಆದ್ರೆ ಯಾವ ಪೆಟ್ಟಿಗೆ ಅನ್ನೋದ್ರಲ್ಲಿ ಎಡವೋರು ಬಹಳ. ಈ ವಿದ್ಯೆ ಬಂದದ್ದು ಚಳಿ ದೇಶಗಳಿಂದ. ಸ್ವೀಡನ್ನಿನ ಥೂಲೆ ಕಂಪನಿ 1942ರಿಂದ ಇದೆ. ಆ ಕಡೆಯವರಿಗೆ ಹಿಮದ ಮೇಲೆ ಜಾರೋ ಸ್ಕೀ ಹಲಗೆ ಒಯ್ಯಬೇಕು, ಅದಕ್ಕೆ ಉದ್ದುದ್ದ, ಕಿರಿದಾದ ಪೆಟ್ಟಿಗೆಗಳೂ ಬರುತ್ತೆ. ನಮಗೆ ಸ್ಕೀ ಹಲಗೆ ಯಾಕೆ? ನಮ್ಮದು ರಗ್ಗು, ದಿಂಬು. ನಮಗೆ ಬೇಕಾದ್ದು ಗಿಡ್ಡ, ಅಗಲ ಪೆಟ್ಟಿಗೆ. ಉದ್ದದ್ದು ಕೂರಿಸಿದರೆ ಹಿಂದಿನ ಡಿಕ್ಕಿ ಬಾಗಿಲು ಮೇಲೆತ್ತಿದಾಗ ಪೆಟ್ಟಿಗೆಯ ಬುಡಕ್ಕೆ ಬಡಿಯುತ್ತೆ. ಪೇಟೆಯಲ್ಲಿ ಕಾರು ತೊಳೆಸೋವಾಗ ಹುಡುಗ ಅರಿಯದೆ ಎತ್ತಿದ ಅಂದ್ರೆ ಬಾಗಿಲ ಬಣ್ಣ ಹೋಯ್ತು. ಅದಕ್ಕೇ ಅಂಗಡಿಯಲ್ಲೇ, ದುಡ್ಡು ಕೊಡೋ ಮುಂಚೆ, ಡಿಕ್ಕಿ ಪೂರ್ತಿ ಎತ್ತಿ ನೋಡಿ. ಮೇಲಿನ ಆಂಟೆನಾಗೆ ತಗಲುತ್ತಾ ನೋಡಿ. ಪೆಟ್ಟಿಗೆ ಎರಡೂ ಬದಿಯಿಂದ ತೆರೆಯೋ ಹಾಗಿರಲಿ, ಆಗ ರಸ್ತೆ ಕಡೆ ನಿಲ್ಲದೆ ಫುಟ್‌ಪಾತ್ ಕಡೆಯಿಂದಲೇ ತೆಗೀಬಹುದು. ಮತ್ತೆ ಮುಚ್ಚಳ ಸರಿಯಾಗಿ ಕೂತರೆ ಮಾತ್ರ ಕೀಲಿ ಹೊರಗೆ ಬರೋ ಪೆಟ್ಟಿಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಕೀಲಿ ಕೈಲಿದೆ ಅಂದ್ರೆ ಮುಚ್ಚಳ ಭದ್ರ, ಮರೆವಿಗೆ ಜಾಗವೇ ಇಲ್ಲ.

ಸಾಮಾನು ಇಡೋ ಕ್ರಮಕ್ಕೆ ನಮ್ಮ ತಾತನ ಮಾತು ನೆನಪಾಗುತ್ತೆ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ್ದು. ಆನೆ ಕುದುರೆಯನ್ನೇ ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿದ ಕಂಪನಿ, ಪರದೆ, ಕಿರೀಟ, ಗದೆ ಎಲ್ಲಾ ಹೊತ್ತು ಊರೂರು ಸುತ್ತಿದ್ದು. ನಮ್ಮ ತಾತ ಅದರ ನಾಟಕ ಒಂದೂ ಬಿಡದೆ ನೋಡಿದೋರು. ಊರಿಗೆ ಹೊರಡೋ ಯಾರನ್ನು ಕಂಡ್ರೂ ಒಂದು ಮಾತು ಹೇಳ್ತಿದ್ರು: ‘ಮೊದಲು ಬೇಕಾಗೋದು ಕೊನೆಗೆ ಏರಲಿ.’ ನಾಟಕದೋರು ಇಳಿದ ಕೂಡಲೇ ಪರದೆ ಕಟ್ಟಬೇಕು, ಅದು ತಳದಲ್ಲಿದ್ರೆ ಕೆಲಸ ಕೆಟ್ಟಿತು ಅಂತ ಅವರ ವಾದ. ಅದೇ ನಮಗೂ. ರಾತ್ರಿ ಛತ್ರ ಮುಟ್ಟಿದಾಗ ಮೊದಲು ಬೇಕಾಗೋದು ಮಗುವಿನ ಸ್ವೆಟರ್, ಹೊದಿಕೆ. ಅದು ಮೇಲಿರಲಿ. ದಾರೀಲಿ ಬೇಕಾಗೋ ಯಾವುದೂ ಪೆಟ್ಟಿಗೆಯಲ್ಲಿ ಇರಬಾರದು. ಹೆದ್ದಾರಿ ಪಕ್ಕ ನಿಂತು, ಸ್ಟೂಲು ಹಾಕಿ, ಮುಚ್ಚಳ ತೆಗೆಯೋ ಪರಿಸ್ಥಿತಿ ಬಂದ್ರೆ ಜೋಡಿಸಿದ್ದೇ ತಪ್ಪು ಅಂತ ಅರ್ಥ.

ಔಷಧಿ ಮೇಲಿಡಬೇಡಿ. ನಿಮ್ಮ ತಾಯಿ ಇನ್ಸುಲಿನ್ ತಗೊಳ್ತಾರಲ್ಲ, ಅದಂತೂ ಕೂಡದು. ಬಿಸಿಲಲ್ಲಿ ನಿಂತ ಪೆಟ್ಟಿಗೆಯ ಒಳಗೆ ಕೈ ಹಾಕಿ ನೋಡಿ, ಒಲೆ ಮೇಲಿನ ಕಾವಲಿ ಹತ್ರ ಕೈ ಇಟ್ಟ ಹಾಗಿರುತ್ತೆ. ತುಪ್ಪ, ಬೆಲ್ಲದ ಉಂಡೆ, ಮಕ್ಕಳ ಚಾಕಲೇಟು ಎಲ್ಲಾ ಕರಗುತ್ತೆ. ಗ್ಯಾಸ್ ಸ್ಟೌವ್ ಸಿಲಿಂಡರ್, ಪೆಟ್ರೋಲ್ ಕ್ಯಾನು ಮಾತೇ ಇಲ್ಲ. ಮಳೆಗೆ ಪೆಟ್ಟಿಗೆ ತಡೆಯುತ್ತೆ, ಆದ್ರೆ ಘಟ್ಟದ ಮಳೆ ನಮ್ಮ ತುಮಕೂರಿನ ಮಳೆ ಅಲ್ಲ. ಗಾಳಿಗೆ ಅಡ್ಡಡ್ಡ ಹೊಡೆಯೋ ನೀರು ಮುಚ್ಚಳದ ರಬ್ಬರ್ ಅಂಚಿನಲ್ಲಿ ತೊಟ್ಟಿಕ್ಕಬಹುದು. ಬ್ಯಾಗುಗಳನ್ನು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟರೆ ನಿಶ್ಚಿಂತೆ.

ಯಾವ ದಾರೀಲಿ ಹೋಗ್ತೀರಿ? ನಮಗೆ ಎರಡು ದಾರಿ. ಬಿ.ಎಚ್. ರಸ್ತೆ ಹಿಡಿದು ಗುಬ್ಬಿ, ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಇಳಿಯೋದು ಒಂದು. ಬಿ.ಎಚ್. ಅಂದ್ರೆ ಬೆಂಗಳೂರು-ಹೊನ್ನಾವರ, ಇವತ್ತಿನ ಎಷ್ಟೋ ಹುಡುಗರಿಗೆ ಅದೇ ಗೊತ್ತಿಲ್ಲ. ಇನ್ನೊಂದು, ಕುಣಿಗಲ್‌ಗೆ ಹೋಗಿ ಮಂಗಳೂರು ಹೆದ್ದಾರಿ ಸೇರಿ, ಯಡಿಯೂರು, ಹಾಸನ, ಸಕಲೇಶಪುರದ ಮೇಲೆ ಶಿರಾಡಿ. ತಂಗಿಯನ್ನು ಗುಬ್ಬಿಯಿಂದ ಹತ್ತಿಸ್ಕೊಳ್ಳಬೇಕು ಅಂತ ಚಾರ್ಮಾಡಿ ಯೋಚಿಸಿರ್ತೀರಿ. ಚಾರ್ಮಾಡಿಯ ಚೆಲುವಿಗೆ ಎರಡು ಮಾತಿಲ್ಲ. ಆದ್ರೆ ಮೇಲೆ ಪೆಟ್ಟಿಗೆ ಇದ್ದಾಗ ಆ ಕಡಿದಾದ ತಿರುವುಗಳಲ್ಲಿ ಹಿಂದಿನ ಸೀಟಿನ ಮಕ್ಕಳಿಗೆ ವಾಂತಿ ಖಂಡಿತ, ಪಕ್ಕದ ಕೊಂಬೆ ತಗಲೋ ಭಯ ಬೇರೆ. ತಂಗಿಯನ್ನು ಹಿಂದಿನ ರಾತ್ರಿಯೇ ಇಲ್ಲಿಗೆ ಕರೆಸ್ಕೊಳ್ಳಿ, ಗುಬ್ಬಿ ಏನು ದೂರ, 20 ಕಿಲೋಮೀಟರ್. ಬೆಳಗ್ಗೆ ಎಲ್ಲರೂ ಕುಣಿಗಲ್ ಕಡೆಯಿಂದ ಹೊರಡಿ. ನನ್ನ ತೀರ್ಮಾನ ಕೇಳಿದ್ರೆ ಪೆಟ್ಟಿಗೆ ಇದ್ದ ದಿನ ಶಿರಾಡಿಯೇ ಸರಿ, ಆವತ್ತು ಘಟ್ಟದ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿಕೊಂಡು.

ಹೆದ್ದಾರಿ ಅಗಲ ಇದೆ ಅಂತ ಓಡಿಸಬೇಡಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. 60ರಲ್ಲಿ ಹೋಗೋವಾಗ ಇದ್ದ ತಡೆ 100ಕ್ಕೆ ಹೋದ್ರೆ ಹೆಚ್ಚುಕಡಿಮೆ ಎರಡೂಮುಕ್ಕಾಲು ಪಟ್ಟು. ನನ್ನ ಕಾರು ಲೀಟರಿಗೆ 17 ಕೊಡೋದು, ಪೆಟ್ಟಿಗೆ ಹೊತ್ತು 80ರಲ್ಲಿ ಹೋದಾಗ 15ಕ್ಕೆ ಇಳೀತು. ಲಾರಿಯನ್ನು ದಾಟೋವಾಗ ಗಾಳಿ ಪಕ್ಕದಿಂದ ಒಂದು ಸಲ ತಳ್ಳುತ್ತೆ, ಸ್ಟಿಯರಿಂಗ್ ಎರಡೂ ಕೈಲಿರಲಿ. ಮೇಲಿಂದ ಶಿಳ್ಳೆ ಹೊಡೆದ ಹಾಗೆ ಸದ್ದು ಬಂದ್ರೆ ಅಡ್ಡಪಟ್ಟಿ ಹಿಂದುಮುಂದಾಗಿ ಕೂತಿದೆಯೋ ಏನೋ ನೋಡಿ. ಅದರ ದಪ್ಪ ಅಂಚು ಮುಂದಕ್ಕಿರಬೇಕು.

ಎತ್ತರ ಮರೀಬೇಡಿ. ಕಾರು, ಪಟ್ಟಿ, ಪೆಟ್ಟಿಗೆ ಎಲ್ಲಾ ಸೇರಿ ನೆಲದಿಂದ ಏಳು ಅಡಿ ಆಗುತ್ತೆ. ಛತ್ರದ ಕೆಳಗಿನ ಪಾರ್ಕಿಂಗು, ಪೇಟೆಯ ಮಾಲುಗಳ ನೆಲಮಾಳಿಗೆ, ರೈಲು ಹಳಿ ಕೆಳಗಿನ ಕಿರುಸೇತುವೆಗೆ ಅಡ್ಡ ಹಾಕಿರೋ ಕಬ್ಬಿಣದ ಪಟ್ಟಿ, ಎಲ್ಲಾ ಕಡೆ ಒಂದು ಗಳಿಗೆ ನಿಂತು ನೋಡಿ. ನಾನು ಚೀಟಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿದೀನಿ. ಮೂರು ದಿನ ಆದ ಮೇಲೆ ಮೇಲೊಂದು ಪೆಟ್ಟಿಗೆ ಇದೆ ಅನ್ನೋದೇ ಮರೆತು ಹೋಗುತ್ತೆ, ಅದಕ್ಕೆ. ಇನ್ನು ಪೆಟ್ಟಿಗೆ ಸಾಲದು ಅಂತ ಪಕ್ಕಕ್ಕೆ, ಹಿಂದಕ್ಕೆ ಏನೂ ಕಟ್ಟಬೇಡಿ. 2019ರ ತಿದ್ದುಪಡಿ ಆದ ಮೇಲೆ ಸಾಮಾನು ಗಾಡಿಯ ಮೈ ಬಿಟ್ಟು ಹೊರಗೆ ಚಾಚಿದ್ರೆ ದಂಡ 20,000 ರೂಪಾಯಿ.

ದುಡ್ಡಿನ ಮಾತು. ಒಳ್ಳೆ ಪೆಟ್ಟಿಗೆಗೆ ಹತ್ತಾರು ಸಾವಿರ ಆಗುತ್ತೆ. ವರ್ಷಕ್ಕೆ ಮೂರು ನಾಲ್ಕು ಸಲ ಹೊರಡೋರು ಕೊಳ್ಳಲಿ. ನೀವು ಈಗ ಕೊಳ್ಳಬೇಡಿ. ಅಡ್ಡಪಟ್ಟಿ ಕಾರಿಗೊಂದು ಥರ, ಅದನ್ನು ಮಾತ್ರ ನಿಮ್ಮ ಮಾಡೆಲ್‌ಗೆ ತಕ್ಕಂತೆ ತಗೊಳ್ಳಿ. ಪೆಟ್ಟಿಗೆ ಒಂದು ಕಾರಿಂದ ಇನ್ನೊಂದಕ್ಕೆ ಹೋಗುತ್ತೆ, ನನ್ನದೇ ಒಯ್ಯಿರಿ. ಬೀರು ಹಿಂದೆ ನಿಲ್ಲಿಸಿದೀನಿ, ಶುಕ್ರವಾರ ಸಂಜೆ ಇಬ್ಬರೂ ಸೇರಿ ಎತ್ತಿ ಕೂರಿಸೋಣ. ಬಂದ ಮೇಲೆ ಬಿಚ್ಚಿ ಕೊಡಿ, ಖಾಲಿ ಪೆಟ್ಟಿಗೆ ಹೊತ್ತು ಊರೊಳಗೆ ತಿರುಗಿದ್ರೆ ಎಣ್ಣೆ ದಂಡ, ಬಿಸಿಲಿಗೆ ಪೆಟ್ಟಿಗೆಯೂ ಸೀಳುತ್ತೆ. ನಿಮ್ಮ ತಾಯಿಯವರನ್ನು ನಡುವಿನ ಸಾಲಿನ ಎಡಗಡೆ ಕೂರಿಸಿ. ಅವರ ಕಾಲ ಕೆಳಗೆ ಚಪ್ಪಲಿ ಬಿಟ್ಟು ಇನ್ನೇನೂ ಇರಬಾರದು.

ಇನ್ನೊಂದೇ ಒಂದು. ಹೊಸದಾಗಿ ಬಿಗಿದ ಬೋಲ್ಟು ಓಟದಲ್ಲಿ ಸ್ವಲ್ಪ ಸಡಿಲ ಬಿಡುತ್ತೆ, ಐವತ್ತು ಕಿಲೋಮೀಟರ್ ಆದ ಮೇಲೆ ಒಂದು ಸಲ ಮುಟ್ಟಿ ನೋಡಲೇಬೇಕು. ಇಲ್ಲಿಂದ ಕುಣಿಗಲ್ ದಾಟಿ ಯಡಿಯೂರು ಸೇರೋ ಹೊತ್ತಿಗೆ ಐವತ್ತು ಚಿಲ್ಲರೆ ಆಗಿರುತ್ತೆ. ಸಿದ್ಧಲಿಂಗೇಶ್ವರನಿಗೆ ಕೈ ಮುಗಿದು ಬನ್ನಿ, ತಾಯಿಯವರು ನಾಲ್ಕು ಹೆಜ್ಜೆ ಓಡಾಡಲಿ, ಅಷ್ಟರಲ್ಲಿ ನೀವು ಬೋಲ್ಟುಗಳನ್ನೆಲ್ಲಾ ಒಂದೊಂದಾಗಿ ಬಿಗಿದುಬಿಡಿ. ಸ್ಪ್ಯಾನರ್ ಪೆಟ್ಟಿಗೆಯೊಳಗೆ ಇಡಬೇಡಿ, ಮುಂದೆ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ.